ಹೆಪ್ಪು

ಸಾಬಣ್ಣ ಅನ್ನುವ ಹೆಸರಿನ ಣ
ಅರಬ್ಬಿ ಅಕ್ಷರಕ್ಕೆ ಒಗ್ಗುವುದಿಲ್ಲ.
ಸೋಹಾರಿನ ಈ ಲ್ಯಾಬಿಗೆ ಅವನು ಮೊದಲ ಸಲ ಬಂದಾಗ
ಡಬ್ಬಿಯ ಮೇಲೊಂದು ಹೆಸರು, ಕಾರ್ಡಿನ ಮೇಲೊಂದು.
ನಿಯಮ ನಿಯಮವೇ. ವಾಪಸು ಕಳಿಸಿದವಳು ನಾನೇ.
ಕಫ ಕಸಕ್ಕೆ ಹೋಯಿತು, ಅದರ ಜೊತೆ ನಾಲ್ಕು ದಿನ.

ಎರಡನೆಯ ಸಲ ಬಂದದ್ದು ರಾತ್ರಿಪಾಳಿ ಮುಗಿಸಿ,
ಬೂಟಿನ ತುಂಬ ಬೂದು ಧೂಳು,
ಹೊರಗೆ ಕಂಪನಿಯ ಬಸ್ಸು ಹಾರ್ನು ಹೊಡೆಯುತ್ತಿತ್ತು.
ಡಬ್ಬಿಯನ್ನು ಬೆಳಕಿಗೆ ಹಿಡಿದು
"ಇದು ಬರೇ ಉಗುಳು, ಎದೆಯಿಂದ ಬರಬೇಕು" ಅಂದೆ,
ಬಾಯ್ತಪ್ಪಿ, ಕನ್ನಡದಲ್ಲಿ.
ಅವನು ಮಾಸ್ಕಿನ ಮೇಲೆ ಕಣ್ಣರಳಿಸಿ
"ಎದ್ಯಾಗಿಂದು ಹೊರಗ ಬರಾಕ ಟೈಮ್ ಹಿಡೀತದ್ರೀ ಅಕ್ಕೋರೆ" ಅಂದ.
ನಾನು ಗಂಗೊಳ್ಳಿ, ಅವನು ಶಹಾಪುರದ ಕಡೆ.
ನಕ್ಕೆವು. ನಕ್ಕದ್ದಕ್ಕೆ ಅವನಿಗೆ ಕೆಮ್ಮು ಬಂತು.
ಹಾಗೆ ಸಿಕ್ಕಿತು ಮಾದರಿ.

ಯಂತ್ರ ಎರಡು ಗಂಟೆಯಲ್ಲಿ ಹೇಳಿತು: ಇದೆ,
ಕೆಂಪು ಮಾತ್ರೆಗೆ ಬಗ್ಗುವ ಜಾತಿಯಲ್ಲ.
ಮತ್ತೆ ಯಾವುದಕ್ಕೆ ಬಗ್ಗುತ್ತದೆ?
ಅದು ತಿಳಿಯಲು ಹೆಪ್ಪು ಹಾಕಬೇಕು.
ಮೊಟ್ಟೆ ಕಲಸಿ ಬಾಟಲಿಯಲ್ಲಿ ಓರೆಯಾಗಿ ಗಟ್ಟಿಮಾಡಿದ ಹಸಿರು,
ಮೂವತ್ತೇಳು ಡಿಗ್ರಿ, ಕತ್ತಲೆ.
ಅಮ್ಮ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು.
ಈ ಜೀವಕ್ಕೆ ಅವಸರವಿಲ್ಲ. ಐದು ವಾರ, ಎಂಟು ವಾರ.

ಅವಸರ ಕಂಪನಿಗೆ.
ಗುರುವಾರದ ಟಿಕೆಟ್ಟು, ಮಸ್ಕತ್ತಿನಿಂದ ಹೈದರಾಬಾದು.
ಅವನು ಹೋದ. ಕಫ ಇಲ್ಲೇ ಉಳಿಯಿತು,
ವೀಸಾ ಇಲ್ಲದೆ, ನನ್ನ ಕಪಾಟಿನ ಮೂರನೇ ಅರೆಯಲ್ಲಿ.

ಐದನೇ ವಾರ ಹಸಿರಿನ ಮೇಲೆ ಮಾಸಲು ಹಳದಿ ಹರಳು,
ಹೂಕೋಸು ಹೆಚ್ಚಿದಾಗ ಮಣೆಯ ಮೇಲೆ ಉದುರುತ್ತದಲ್ಲ, ಹಾಗೆ.
ಅದನ್ನು ಒಂದೊಂದೇ ಮದ್ದಿನ ಬಾಟಲಿಗೆ ಹಾಕಿ ಮತ್ತೆ ಕಾಯುವುದು.
ಕೊನೆಗೂ ರಿಪೋರ್ಟು ಬಂತು.
ಇದಕ್ಕೆ ಸಾಯುವುದಿಲ್ಲ, ಇದಕ್ಕೂ ಇಲ್ಲ, ಇದಕ್ಕೂ,
ಇದಕ್ಕೆ ಸಾಯುತ್ತದೆ.
ಇನ್ನೊಂದಕ್ಕೂ.

ತಲುಪಿಸಬೇಕಾದ ವಿಳಾಸ:
ಕ್ಯಾಂಪು ನಾಲ್ಕು, ರೂಮು ಹನ್ನೊಂದು, ಕೆಳಗಿನ ಮಂಚ.
ಒಮಾನಿನ ಸಿಮ್ಮು ಸತ್ತು ತಿಂಗಳಾಗಿದೆ.
ಫೈಲು ಮುಚ್ಚಿದೆ ಸಿಸ್ಟರ್, ಅಂದ ಕಂಪನಿಯ ಗುಮಾಸ್ತ.
ಅಲ್ಲಿ ಯಾರೋ ಅವನಿಗೆ ಮತ್ತೆ
ಕೆಂಪು ಮಾತ್ರೆಯನ್ನೇ ಎಣಿಸಿ ಕೊಡುತ್ತಿರಬಹುದು.
ಉಚ್ಚೆ ಕೇಸರಿಯಾದದ್ದು ನೋಡಿ
ಮದ್ದು ಹತ್ತಿತು ಅಂದುಕೊಂಡಿರಬಹುದು.
ಎರಡು ಹೆಸರಿನ ಆ ಕಾಗದ ನನ್ನ ಡ್ರಾಯರಿನಲ್ಲಿ,
ಸ್ಟೇಪ್ಲರಿನ ಕೆಳಗೆ.

ಇವತ್ತು ಕಿಟಕಿಯಲ್ಲಿ ಒಬ್ಬ ಹುಡುಗ.
ಕಾರ್ಡು, ಟೋಕನ್ನು, ಹೆಸರು ಎಲ್ಲ ಹೊಂದಿತು.
ಕ್ಯಾಂಪು ನಾಲ್ಕು. ರೂಮು ಹನ್ನೊಂದು.
ಮೇಲಿನ ಮಂಚವಾ, ಅಂತ ಕೇಳಿದೆ.
ಹೌದೆಂದು ತಲೆಯಾಡಿಸಿದ, ಮುಷ್ಟಿಯೊಳಗೆ ಕೆಮ್ಮಿದ.
ಸಾಬಣ್ಣ ಗೊತ್ತಾ?
"ಗೊತ್ತಿಲ್ದ ಏನ್ರೀ, ಅವ್ರ ಅಕ್ಕನ ನಂಬರ್ ಅದ ನನ್ ಕಡೆ."

ಡಬ್ಬಿಗೆ ಕೈ ಚಾಚಿದ.
ಹಿಂದಕ್ಕೆ ಎಳೆದುಕೊಂಡೆ. ನಿಯಮ ಯಾವುದೂ ನೆನಪಾಗಲಿಲ್ಲ,
ಇಷ್ಟು ವರ್ಷದ ಮೇಲೆ ಬಾಯಿಗೆ ಬಂದದ್ದು ಗಂಗೊಳ್ಳಿ:
ತಡಿ ಮಾರಾಯ,
ಮೊದ್ಲ್ ನಂಬರ್ ಹೇಳ್.
ಕೆಮ್ಮುದ್ ಕಡಿಗೆ.