ಮೂರು ಗುಂಡು

ಆಪರೇಷನ್ ಆಗಿ ನಾಲ್ಕನೇ ಬೆಳಗ್ಗೆ
ಡಾಕ್ಟರು ಬಂದರು, ಅದೇ ಪ್ರಶ್ನೆ:
‘ಗಾಳಿ ಹೋಯ್ತಾ?’
ಅವರ ಹಿಂದೆ ಎಂಟು ಜನ ಕಲಿಯುವ ಹುಡುಗರು
ಪೆನ್ನು ಬಿಚ್ಚಿಕೊಂಡು ನನ್ನ ಉತ್ತರಕ್ಕೆ ಕಾದರು.
ಹತ್ತೊಂಬತ್ತು ವರ್ಷ ಕೋಲಾರ ಡಿಪೋದ ಕಂಡಕ್ಟರು ನಾನು,
ನೂರು ಜನರ ನಡುವೆ ಗಂಟಲೆತ್ತಿ ಕೂಗಿದವಳು.
ಇದೊಂದಕ್ಕೆ ತಲೆ ತಗ್ಗಿಸಿ
ಇಲ್ಲ ಅಂದೆ.

ಇಲ್ಲ ಅಂದರೆ ನೀರೂ ಇಲ್ಲ.
ತುಟಿಗೆ ಒದ್ದೆ ಹತ್ತಿ, ಅಷ್ಟೆ.

ಒಂದೂವರೆ ಅಡಿ ಕರುಳು ತೆಗೆದರಂತೆ.
ಟ್ರೇಯಲ್ಲಿ ತಂದು ತೋರಿಸಿದರಂತೆ,
ಸಹಿ ಹಾಕಿದವರಿಗೆ. ನನಗಲ್ಲ.
ಯಾವ ಒಂದೂವರೆ ಅಡಿ?
ಅಪ್ಪ ಹೋದ ದಿನ ಚುರುಕ್ ಅಂದದ್ದೇ?
ಹಾಸ್ಟೆಲ್ ಗೇಟಿನಲ್ಲಿ ಮಗಳು
ತಿರುಗಿಯೂ ನೋಡದೆ ಒಳಗೆ ಹೋದಾಗ
ಹಿಂಡಿದ ಜಾಗವೇ?
ಅದು ಹೋಗಿದ್ದರೆ ಮತ್ತೆ,
ಇವತ್ತು ಫೋನಿನಲ್ಲಿ ಅವಳು ಅಮ್ಮಾ ಅಂದಾಗ
ಹೊಲಿಗೆಯ ಒಳಗೆ ಮಿಸುಕಿದ್ದೇನು?

ಸಿಸ್ಟರ್ ಆರೋಗ್ಯಮೇರಿ ಕೆಜಿಎಫ್‌ನವರು.
ಪ್ಲಾಸ್ಟಿಕ್ ಡಬ್ಬಿಯೊಂದು ಕೈಗಿಟ್ಟರು:
ಮೂರು ಕೊಳವೆ, ಮೂರು ಗುಂಡು, ಬಾಯಿಗೊಂದು ಪೈಪು.
ಊದಿದೆ. ಸೀಟಿಯ ಅಭ್ಯಾಸ.
‘ಊದೋದಲ್ಲಮ್ಮಾ, ಎಳೀಬೇಕು.’
ಎಳೆದೆ. ಒಂದು ಗುಂಡು ಅಲುಗಿತು,
ನೋವು ನನ್ನನ್ನು ಎರಡು ಮಡಿಕೆ ಮಾಡಿತು,
ಗುಂಡು ಕೂತುಬಿಟ್ಟಿತು.

ಕಿಟಕಿಯಾಚೆ ಅಂತರಗಂಗೆ ಬೆಟ್ಟ,
ಗುಂಡಿನ ಮೇಲೆ ಗುಂಡು, ಅದರ ಮೇಲೊಂದು.
ಯಾರು ಎಳೆದು ಏರಿಸಿದರೋ ಇಷ್ಟನ್ನೂ,
ಇನ್ನೂ ಉಸಿರು ಬಿಡದೆ
ಹಿಡಿದುಕೊಂಡೇ ಇದ್ದಾರೆ.

‘ನಮ್ಮ ತಾತ ದಿನಾ ಮೈಲಿಗಟ್ಟಲೆ
ಗಣಿಯೊಳಗೆ ಇಳಿದು ಹತ್ತಿ ಬರ್ತಿದ್ದರು,
ನಿಮಗೆ ಮಂಚ ಇಳಿಯೋಕೆ ಭಯವಾ?’
ಇಳಿದೆ. ಹೊಟ್ಟೆಗೆ ದಿಂಬು ಅವಚಿಕೊಂಡು.
ಹಿಂದೆ ನಾದಿನಿ ಅಮರಾವತಿ.
ಆರು ವರ್ಷ ಮಾತಿಲ್ಲ ನಮಗೆ, ಒಂದು ಗೋಡೆಯ ವಿಷಯಕ್ಕೆ.
ಈಗಲೂ ಇಲ್ಲ.
ಆದರೂ ಉಚ್ಚೆಯ ಚೀಲ ಹಿಡಿದು ಬರುತ್ತಾಳೆ
ಕಳಸಗಿತ್ತಿಯ ಗಾಂಭೀರ್ಯದಲ್ಲಿ.

ಮಂಚದಿಂದ ಬಾಗಿಲು, ವಡಗೂರು ಗೇಟು.
ಬಾಗಿಲಿಂದ ನೀರಿನ ಫಿಲ್ಟರು, ನರಸಿಂಹತೀರ್ಥ.
ಬಾತ್‌ರೂಮು ಮುಳಬಾಗಿಲು;
ಅಲ್ಲಿ ಗಾಡಿ ಹತ್ತು ನಿಮಿಷ ನಿಲ್ಲುತ್ತೆ.

ಅವತ್ತು ನೋವು ಕಿತ್ತುಕೊಂಡದ್ದೂ ನರಸಿಂಹತೀರ್ಥದ ಹತ್ತಿರವೇ.
ಬ್ಯಾಗು ಎದೆಗೊತ್ತಿ ಮೆಟ್ಟಿಲಲ್ಲಿ ಕುಸಿದೆ.
ಹಸಿರು ಟವಲಿನವರೊಬ್ಬರಿಗೆ
ಹದಿಮೂರು ರೂಪಾಯಿ ಚಿಲ್ಲರೆ ಕೊಡುವುದಿತ್ತು,
ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದೆ.
ಅವರು ಚಿಲ್ಲರೆ ಕೇಳಲಿಲ್ಲ.
ತಮ್ಮ ನೀರಿನ ಬಾಟಲಿ ಕೈಗಿಟ್ಟರು.
ಆ ಬಾಟಲಿಯನ್ನೂ ನಾನು ವಾಪಸು ಕೊಡಲಿಲ್ಲ.

ಪಕ್ಕದ ಮಂಚದ ಪಿಳ್ಳಮ್ಮಜ್ಜಿ
ಗಂಟೆಗೊಮ್ಮೆ ಕೇಳುತ್ತಾಳೆ,
‘ಏಮ್ಮಾ, ವಚ್ಚಿಂದಾ?’
ಮರದಡಿ ಕೂತು ಬಸ್ಸು ಬಂತಾ ಅನ್ನುವ ದನಿ.
ಎಷ್ಟು ಜನರನ್ನು ಹೀಗೆ ಕಾಯಿಸಿದ್ದೇನೋ.

ಐದನೇ ರಾತ್ರಿ, ಮೂರು ಗಂಟೆಯಿರಬೇಕು,
ಹೊಟ್ಟೆಯ ಯಾವುದೋ ಮೂಲೆಯಲ್ಲಿ ಗುಡುಗುಡು.
ದೂರದ ತಿರುವಿನಲ್ಲಿ ಗಾಡಿ
ಗೇರು ಬದಲಿಸಿದ ಹಾಗೆ.
ಆಮೇಲೆ ಬಂತು.
ಸಣ್ಣದು. ಆದರೂ ವಾರ್ಡಿಗೆಲ್ಲ ಕೇಳುವಷ್ಟು.

ಕತ್ತಲಲ್ಲಿ ಪಿಳ್ಳಮ್ಮಜ್ಜಿ: ‘ವಚ್ಚಿಂದಿ!’
ನೆಲದ ಚಾಪೆಯಿಂದ, ಸೆರಗು ಬಾಯಿಗೊತ್ತಿದ ದನಿ,
ಆರು ವರ್ಷದ ಮೇಲೆ ಅಮರಾವತಿ ಆಡಿದ ಮೊದಲ ಮಾತು:
‘ರೈಟ್, ರೈಟ್.’

ನಕ್ಕೆ. ನಗು ಹೊಲಿಗೆ ಹೊಲಿಗೆಯನ್ನೂ
ಹೆಸರು ಹಿಡಿದು ಎಬ್ಬಿಸಿತು.
ಅತ್ತೆ. ಮತ್ತೆ ನಕ್ಕೆ.
‘ನಗಬೇಡ್ರೀ’ ಎಂದು ಓಡಿಬಂದ ಆರೋಗ್ಯಮೇರಿ
ಬಾಗಿಲಲ್ಲೇ ನಿಂತು, ಗೋಡೆಗೆ ಮುಖ ತಿರುಗಿಸಿದರು.
ಭುಜ ಕುಲುಕುತ್ತಿತ್ತು.

ಬೆಳಗ್ಗೆ ಎರಡು ಚಮಚ ನೀರು.
ನೀರಿಗೆ ಇಷ್ಟು ರುಚಿಯಿದೆಯೆಂದು
ಯಾರಾದರೂ ಹೇಳಬಾರದಿತ್ತೇ ಮೊದಲೇ.

ಎರಡು ಗುಂಡು ಏರಿವೆ ಈಗ. ಮೂರನೆಯದು
ಏರುವ ಹಾಗೆ ಮಾಡಿ ಏರುವುದಿಲ್ಲ.
ಅಮರಾವತಿಯ ಹತ್ತಿರ ಹದಿಮೂರು ರೂಪಾಯಿ ಇಸಿದುಕೊಂಡು
ದಿಂಬಿನಡಿ ಇಟ್ಟಿದ್ದೇನೆ.
ಯಾಕೆಂದು ಅವಳು ಕೇಳಲಿಲ್ಲ.
ಮತ್ತೆ ಮಾತು ಬಿಟ್ಟಿದ್ದೇವೆ.