ನಾಲ್ಕು ಗಂಟೆಯ ಪಾಳಿ

ತಿಂಗಳ ಮೊದಲ ಮಂಗಳವಾರ, ಮಧ್ಯಾಹ್ನ ಮೂರಕ್ಕೆ
ಎಂದು ಬರೆಯುತ್ತಾಳೆ ಲಿಸ್ಬನ್ನಿನಿಂದ ಗ್ರಾಸಿಂದಾ.
ಆಪಿಯಾದಲ್ಲಿ ಅದು ಮಂಗಳವಾರವೂ ಅಲ್ಲ, ಮಧ್ಯಾಹ್ನವೂ ಅಲ್ಲ.
ಬುಧವಾರದ ನಸುಕು, ನಾಲ್ಕು.
ಅವರಿಗೆ ಬೇಸಿಗೆ ಬಂದು ಗಡಿಯಾರದ ಮುಳ್ಳು ತಿರುಗಿಸಿದರೆ
ನನ್ನ ನಾಲ್ಕು ಮೂರಾಗುತ್ತದೆ.
ಅಲ್ಲಿ ಅದು ಹೆಚ್ಚು ಬೆಳಕಿನ ಸುದ್ದಿ.

ನಾವು ಕಡಲಿನ ಎತ್ತರ ಬರೆದಿಡುವವರು.
ನಾಲ್ಕು ಬಂದರು, ನಾಲ್ಕು ಅಳತೆಗೋಲು.
ಪುಂತಾ ಅರೇನಾಸಿನ ಓಸ್ವಾಲ್ದೊಗೆ ಆಗ ನಡುಹಗಲು;
ಸೂಪು ಹೀರುತ್ತಲೇ ಅಂಕಿ ಓದುತ್ತಾನೆ.
ಜಂಜಿಬಾರಿನ ಮ್ವಾನಾಖಮೀಸ್‌ಗೆ ಸಂಜೆ ಆರು,
ಅವಳ ಭಾಷೆಯಲ್ಲಿ ಹನ್ನೆರಡು.
ಸೂರ್ಯ ಹುಟ್ಟಿದಲ್ಲಿಂದ, ಮುಳುಗಿದಲ್ಲಿಂದ ಅವರ ಎಣಿಕೆ.
ಆ ಲೆಕ್ಕದಲ್ಲಿ ನನ್ನದು ರಾತ್ರಿ ಹತ್ತು.
ಕೇಳಲು ಎಷ್ಟು ಮರ್ಯಾದಸ್ಥ ಗಂಟೆ!

ಮೂರೂವರೆಗೆ ಏಳುತ್ತೇನೆ.
ಗೋಡೆಯಿಲ್ಲದ ಮನೆಯಲ್ಲಿ ದೀಪ ಹಾಕಿದರೆ
ಎಲ್ಲರ ರೆಪ್ಪೆಗೂ ಬೀಳುತ್ತದೆ,
ಮೊಮ್ಮಗಳು ಚಾಪೆಯ ಮೇಲೆ ಹೊರಳುತ್ತಾಳೆ.
ಅದಕ್ಕೇ ಕೋಕೋ ಲೋಟ, ಮೊಬೈಲು ಹಿಡಿದು
ದೀವಿಹಲಸಿನ ಮರದಡಿ
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತೇನೆ.
ಕ್ಯಾಮೆರಾ ಆರಿಸುತ್ತೇನೆ. ಹುಂಜವನ್ನು ಆರಿಸಲಾಗುವುದಿಲ್ಲ.
ಗ್ರಾಸಿಂದಾ ನಡಾವಳಿಯಲ್ಲಿ ಬರೆಯುತ್ತಾಳೆ:
‘ಆಪಿಯಾ: ಹಾಜರು. ಹಿನ್ನೆಲೆಯಲ್ಲಿ ಸದ್ದು.’
ಕೊನೆಯ ಸಾಲು ಆರು ವರ್ಷದಿಂದ ಒಂದೇ:
‘ಈ ಸಮಯ ಎಲ್ಲರಿಗೂ ಅನುಕೂಲ.’

ನಾನು ಬಾಯಿ ಬಿಟ್ಟಿರಲಿಲ್ಲ ಎನ್ನುವುದೂ ನಿಜ.
ನಮ್ಮದು ಒಂದು ಶುಕ್ರವಾರವನ್ನೇ ಬಿಟ್ಟುಕೊಟ್ಟ ದೇಶ.
ಗುರುವಾರ ಮಲಗಿದೆವು, ಎದ್ದಾಗ ಶನಿವಾರ,
ಪಕ್ಕದವರ ವಾರದೊಳಗೆ ನಮ್ಮ ವಾರ ಕೂರಲೆಂದು.
ತಂಗಿ ಲಗಿಯ ಹುಟ್ಟುಹಬ್ಬ ಆ ಶುಕ್ರವಾರವೇ ಇತ್ತು.
ಇವತ್ತಿಗೂ ಜಗಳ ತೆಗೆಯುತ್ತಾಳೆ,
ಯಾರೊಡನೆ ತೆಗೆಯಬೇಕೆಂದು ತಿಳಿಯದೆ.
ದಿನವನ್ನೇ ಕೊಟ್ಟವರು ಒಂದು ನಿದ್ದೆಗೆ
ತಕರಾರು ಮಾಡುವುದೆ, ಎಂದುಕೊಂಡಿದ್ದೆ.

ಆಗಸ್ಟಿನಲ್ಲಿ, ಮೂರು ಗಂಟೆಯ ಕಾಲದಲ್ಲಿ,
‘ಆಪಿಯಾ?’ ಎಂದು ಓಸ್ವಾಲ್ದೊ ಕರೆದಾಗ
ಅವರಿಗೆ ಕೇಳಿಸಿದ್ದು ನನ್ನ ಗೊರಕೆ.
ಹನ್ನೊಂದು ನಿಮಿಷ. ಯಾರೂ ಎಬ್ಬಿಸಲಿಲ್ಲವಂತೆ.
ಅಲೆಯೋ ಉಸಿರೋ ಎಂದು ಮೊದಲು ಗೊತ್ತಾಗದೆ
ಮಾತು ನಿಲ್ಲಿಸಿ ಕೂತಿದ್ದರಂತೆ ಮೂವರೂ.
ಆಮೇಲೆ ಮ್ವಾನಾಖಮೀಸ್ ಮೆಲ್ಲಗೆ,
‘ಮಸೀನಾಳ ಊರಲ್ಲಿ ಈಗ ಎಷ್ಟು ಗಂಟೆ?’
ಆರು ವರ್ಷದಲ್ಲಿ ಮೊದಲ ಸಲ.

ಈಗ ಪಾಳಿ ಮಾಡಿಕೊಂಡಿದ್ದೇವೆ,
ಸೋರುವ ದೋಣಿಯ ನೀರು ಎತ್ತಿ ಹಾಕುವವರ ಹಾಗೆ.
ಓಸ್ವಾಲ್ದೊ ಪಟ್ಟಿ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ.
ಎಲ್ಲರಿಗೂ ಹಗಲು ಸಿಗುವ ಚೌಕವೊಂದು
ಎಲ್ಲಾದರೂ ಇದ್ದೀತೆಂದು ಒಂದು ವಾರ ಹುಡುಕಿದನಂತೆ.
ಇರಲಿಲ್ಲ.

ಡಿಸೆಂಬರಿನಲ್ಲಿ ನನಗೆ ಸಂಜೆ ಐದು.
ಜಂಜಿಬಾರಿಗೆ ಬೆಳಗಿನ ಏಳು, ಅಂದರೆ ಒಂದು.
ಓಸ್ವಾಲ್ದೊಗೆ ನಿಜವಾದ ಒಂದು, ರಾತ್ರಿಯದು; ಸೂಪಿಲ್ಲ.
ಗ್ರಾಸಿಂದಾಗೆ ನಾಲ್ಕು. ನನ್ನ ನಾಲ್ಕು.
ಇಷ್ಟು ವರ್ಷಕ್ಕೆ ನಾಲ್ವರಿಗೂ ಮಂಗಳವಾರ.

ಕ್ಯಾಮೆರಾ ಹಾಕಿದೆ. ಅವಳೂ ಹಾಕಿದ್ದಳು:
ಸ್ವೆಟರು ಒಳಹೊರಗಾಗಿದೆ, ಹೊಲಿಗೆ ಕಾಣುತ್ತಿದೆ,
ಬೆನ್ನ ಹಿಂದೆ ಕಿಟಕಿ ಮಸಿಯಂತೆ.
ಅಂಕಿ ಓದುವಾಗ ಆಕಳಿಸಿದಳು, ಕ್ಷಮೆ ಕೇಳಿದಳು.
ಬೇಡ ಎಂದೆವು.
ನಡಾವಳಿ ಬರೆಯುವ ಸರದಿ ನನ್ನದು:
‘ಲಿಸ್ಬನ್: ಹಾಜರು. ಹಿನ್ನೆಲೆಯಲ್ಲಿ ಕಸದ ಲಾರಿ.’
ಸದ್ದಿಗೆ ಹೆಸರಿಟ್ಟೆ.
ಕೊನೆಯ ಸಾಲು ಬರೆಯಲಿಲ್ಲ.

ಇದೊಂದನ್ನು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ:
ಮರುದಿನ ಬುಧವಾರ, ಮೂರೂವರೆಗೆ
ಎಚ್ಚರವಾಯಿತು. ಕರೆಯುವವರಿಲ್ಲ.
ಆದರೂ ಹೋಗಿ ಕಲ್ಲಿನ ಮೇಲೆ ಕೂತೆ, ಕೋಕೋ ಇಲ್ಲದೆ.
ಹುಂಜ ಒಂದು ಸಲ ಕೂಗಿ,
ಸ್ವಲ್ಪ ಹೊತ್ತು ಕಾದು,
ಮತ್ತೆ ತಲೆಯನ್ನು ರೆಕ್ಕೆಯೊಳಗೆ ತೂರಿಸಿತು.