ಕೆಂಪು ನೂಲು

ಹೋದದ್ದು ಎರಡು ಬ್ಯಾಟರಿ. ಆಮೇಲೆ ಜಾಕು.
ಆಮೇಲೆ, ಯಾರಿಗೆ ಬೇಕಿತ್ತೋ, ಅರ್ಧ ಡಬ್ಬ ಗ್ರೀಸು.
ಪೊಲೀಸಿನವರು ಬರೆದುಕೊಂಡರು, ಗ್ರೀಸು ಬಿಟ್ಟು.
ಕ್ಯಾಮೆರಾದವನು ಹನ್ನೊಂದು ಸಾವಿರ ಅಂದ.
ಅಷ್ಟು ದುಡ್ಡಿದ್ದಿದ್ದರೆ ಕಳ್ಳ ನೇರ ಮನೆಗೇ ಬರುತ್ತಿದ್ದ,
ಈ ಗ್ಯಾರೇಜಿಗೆ ಯಾಕೆ?

ಅರಸೀಕೆರೆ. ರೈಲ್ವೆ ಗೋಡೆಯ ಈಚೆ ಬದಿ.
ಮೂರು ಕಡೆ ತಗಡು, ಒಂದು ಕಡೆ ಇಟ್ಟಿಗೆ,
ಬಾಗಿಲು ಅಂತ ಕರೆದರೆ ಬಾಗಿಲಿಗೇ ನಗು.

ರೇಡಿಯೊ ರಿಪೇರಿಯ ಚನ್ನವೀರಯ್ಯ ಬಂದ.
ರೇಡಿಯೊ ತರುವವರು ನಿಂತು ಇಪ್ಪತ್ತು ವರ್ಷ;
ಬೆಸುಗೆ ಕಡ್ಡಿಯನ್ನು ಮಾತ್ರ ಆಗಾಗ ಬಿಸಿ ಮಾಡಿಡುತ್ತಾನೆ,
ತಣ್ಣಗಾದರೆ ಕೈಗೆ ಮರೆವು ಬರುತ್ತದಂತೆ.
"ಬೆಳಕಿನದೊಂದು ನೂಲು ಕಟ್ಟೋಣ" ಅಂದ,
"ಮುಟ್ಟಿದವನಿಗೆ ಗೊತ್ತಾಗಬಾರದು, ನಿನಗೆ ಗೊತ್ತಾಗಬೇಕು."

ಮಕ್ಕಳು ಬೆಕ್ಕು ಕುಣಿಸುವ ಲೇಸರು, ನಲವತ್ತು.
ಬೆಳಕು ಬೀಳುವಷ್ಟು ಹೊತ್ತು ಸುಮ್ಮನಿದ್ದು
ಕತ್ತಲಾದೊಡನೆ ದೂರು ಕೊಡುವ
ಹೆಸರುಕಾಳಿನಗಲದ ಕಣ್ಣು, ಎಂಟು.
ರಿಲೇ ಮೂವತ್ತೈದು. ವೈರು ಐವತ್ತಾರು,
ಅದರಲ್ಲೂ ಚೌಕಾಸಿ ಮಾಡಿದ.
ಟ್ರಾನ್ಸಿಸ್ಟರು ಅವನ ಡಬ್ಬಿಯದು, ದುಡ್ಡು ಮುಟ್ಟಲಿಲ್ಲ.
ಕೂಗುವ ಕೆಲಸಕ್ಕೆ ಗುಜರಿ ಸ್ಕೂಟರಿನ ಹಾರನ್ನು.
ಹಗಲು ಆ ಕಣ್ಣಿಗೆ ಸುಳ್ಳು ಹೇಳದಂತೆ
ನನ್ನ ಮಗಳ ಮುಗಿದ ಪೆನ್ನಿನ ಕರಿ ಕೊಳವೆಯೊಳಗೆ
ಅದನ್ನು ಕೂರಿಸಿದ, ಕುದುರೆಗೆ ಕಣ್ಪಟ್ಟಿ ಕಟ್ಟಿದ ಹಾಗೆ.

ಒಂದೇ ಗೆರೆ ಸಾಲದು, ದಾಟಿಬಿಡುತ್ತಾರೆ.
ಕನ್ನಡಿಗಳಿದ್ದವು ಮೂಲೆಯಲ್ಲಿ ಒಂದು ಚೀಲ,
ಹುಳಿಯಾರು ರಸ್ತೆಯಲ್ಲಿ, ಬಾಣಾವರದ ತಿರುವಿನಲ್ಲಿ
ಹಿಂದಿನಿಂದ ಬಂದದ್ದನ್ನು ಹೇಳಲು ತಡಮಾಡಿದವು.
ಉಬ್ಬಿದ್ದು ಬೇಡ, ಬೆಳಕು ಚೆಲ್ಲುತ್ತದೆ ಎಂದು
ಚಪ್ಪಟೆಯವು ಮೂರನ್ನು ಉಗುರಿನಿಂದ ತಟ್ಟಿ ಆರಿಸಿದ.
ಮೊಣಕಾಲು, ಸೊಂಟ, ಎದೆ.

ಗೆರೆ ಎಲ್ಲಿದೆ ಅಂತ ಕಾಣಲೊಲ್ಲದು.
ಬೀಡಿ ಹಚ್ಚಿ ಗಾಳಿಗೆ ಹೊಗೆ ಬಿಟ್ಟ.
ಇತ್ತು. ಗೋಡೆಯಿಂದ ಗೋಡೆಗೆ ಕೆಂಪಗೆ ಬಿಗಿದಿತ್ತು,
ನಾವಿಬ್ಬರೂ ಅದರ ನಡುವೆಯೇ ನಿಂತಿದ್ದೆವು.
ಹೊಗೆ ಹೋಯಿತು. ಇರಲಿಲ್ಲ. ಇತ್ತು.

ಮೊದಲ ರಾತ್ರಿ ಬೀದಿಯೆಲ್ಲ ಎದ್ದಿತು.
ಕಳ್ಳ ಅಲ್ಲ, ಕೆಇಬಿ. ಕರೆಂಟು ಹೋಗಿ ಲೇಸರು ಆರಿ
ಇಡೀ ಊರಿನ ಕತ್ತಲನ್ನೇ ಹಿಡಿದುಕೊಟ್ಟಿತ್ತು ಹಾರನ್ನು.
ಲೇಸರನ್ನೂ ಬ್ಯಾಟರಿಗೆ ಕಟ್ಟಿದೆವು.
ಎರಡನೆಯದು ಹೆಗ್ಗಣ.
ಆಮೇಲೆ ದಿನವೂ ಎರಡೂ ಹತ್ತಕ್ಕೆ ಸರಿಯಾಗಿ:
ಗೂಡ್ಸು ಹೊರಟರೆ ಗೋಡೆ ನಡುಗಿ
ಕನ್ನಡಿ ಕೂದಲೆಳೆಯಷ್ಟು ಸರಿದು
ಆ ತುದಿಯಲ್ಲಿ ಬೆಳಕು ಒಂದು ಬೆರಳು ತಪ್ಪುತ್ತಿತ್ತು.
"ಕಳ್ಳನೇ ವಾಸಿ, ವಾರಕ್ಕೊಮ್ಮೆ ಬರ್ತಿದ್ದ"
ಅಂದಳು ಗಂಗಾಂಬಿಕೆ, ಹೊದಿಕೆಯೊಳಗಿಂದಲೇ.
ಸೈಕಲ್ ಟ್ಯೂಬು ಕತ್ತರಿಸಿ ಕನ್ನಡಿಗಳ ಬೆನ್ನಿಗೆ ಮೆತ್ತೆ ಕೊಟ್ಟೆ.
ರೈಲು ಹೋಯಿತು. ಗೋಡೆ ನಡುಗಿತು. ಬೆಳಕು ನಡುಗಲಿಲ್ಲ.
ನಾನು ಮಾತ್ರ ಎರಡೂ ಹತ್ತಕ್ಕೆ ಎದ್ದೇ ಎದ್ದೆ.

ಕಾರ್ತಿಕದಲ್ಲೊಂದು ರಾತ್ರಿ, ರೈಲೂ ಇಲ್ಲ, ಹಾರನ್ನು.
ನಿಂತಿತು. ಮತ್ತೆ. ನಿಂತಿತು.
ಜಾಕಿನ ರಾಡು ಹಿಡಿದು ಓಡಿದೆ
(ಜಾಕು ಹೋಗಿತ್ತು, ರಾಡು ಉಳಿದಿತ್ತು).

ಮಫ್ಲರು ಸುತ್ತಿಕೊಂಡು ಚನ್ನವೀರಯ್ಯ.
ಗೆರೆಯೊಳಗೆ ಕೈ ಇಡುತ್ತಾನೆ, ಕೂಗು.
ತೆಗೆಯುತ್ತಾನೆ, ಮೌನ.
ಇಡುತ್ತಾನೆ. ತಲೆ ಓರೆ ಮಾಡಿ ಆಲಿಸುತ್ತಾನೆ,
ದೂರದ ಸ್ಟೇಷನ್ನೊಂದು ಸಿಕ್ಕೀತೇ ಎಂದು
ಮುಳ್ಳನ್ನು ಇಷ್ಟಿಷ್ಟೇ ತಿರುಗಿಸುವವನ ಹಾಗೆ.
ನಾನು ಕಂಡಾಗ ನಾಚಿದ.
"ನಿದ್ದೆ ಬರಲಿಲ್ಲ" ಅಂದ. "ಮಾತಾಡ್ತಾ ಇದೆಯಾ ಅಂತ ನೋಡೋಕೆ ಬಂದೆ."

ಒಂದೊಂದೇ ಮನೆಯ ದೀಪ ಹತ್ತಿಕೊಂಡಿತು, ಬೈಗುಳವೂ.
ರಾಡನ್ನು ಗೋಡೆಗೆ ಒರಗಿಸಿದೆ.
"ಇನ್ನೊಂದು ಸಲ" ಅಂದೆ.

ಒಟ್ಟು ನೂರ ಮೂವತ್ತೊಂಬತ್ತು ರೂಪಾಯಿ.
ಬೀಡಿಯದು ಸೇರಿಲ್ಲ.